ಕೋಬಾಲ್ಟ್‌ಗೆ ಜಾತಿ ಗೊತ್ತಿಲ್ಲ, ಗುಜರಿಗೆ ಗೊತ್ತಿದೆ

ಪೋಸ್ಟು ಉದ್ದ ಇದೆ. ಪುರುಸೊತ್ತಾದಾಗ ಓದಿ, ಆದರೆ ಪೂರ್ತಿ ಓದಿ.

ಗುಜರಿ ಆಯುವವರ, ಪೌರಕಾರ್ಮಿಕರ ಆರೋಗ್ಯದ ಬಗ್ಗೆ ಮೊನ್ನೆ ನಾಲ್ಕು ಸಾಲು ಬರೆದಿದ್ದೆ. ಅದರಲ್ಲಿ ವಿಕಿರಣದ ಮಾತೂ ಒಂದು ಕಡೆ ಬಂದಿತ್ತು. ಕೂಡಲೇ ಒಬ್ಬರು ಕಾಮೆಂಟ್ ಹಾಕಿದ್ರು: "ವಿಕಿರಣದಲ್ಲೂ ಜಾತಿ ಹುಡುಕ್ತೀರಲ್ಲ ಸ್ವಾಮಿ, ಅದು ವಿಜ್ಞಾನ. ಅದಕ್ಕೆ ಬ್ರಾಹ್ಮಣನೂ ಒಂದೇ, ದಲಿತನೂ ಒಂದೇ." ಅದಕ್ಕೆ ಅರವತ್ತು ಚಿಲ್ಲರೆ ಲೈಕು ಬೇರೆ.

ಅವರ ಮಾತಿನ ಕೊನೇ ಭಾಗ ನೂರಕ್ಕೆ ನೂರು ಸರಿ. ಅದನ್ನ ಅವರಿಗಿಂತ ಜೋರಾಗಿ ನಾನೇ ಹೇಳ್ತೀನಿ. ಮೊದಲನೇ ಭಾಗಕ್ಕೆ ಉತ್ತರ ಕೊಡಬೇಕು ಅಂದ್ರೆ ದೆಹಲಿಯ ಮಾಯಾಪುರಿಗೆ ಹೋಗಬೇಕು.

ಮಾಯಾಪುರಿ ಪಶ್ಚಿಮ ದೆಹಲಿಯ ದೊಡ್ಡ ಗುಜರಿ ಮಾರುಕಟ್ಟೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ್ದ ಒಂದು ಗಾಮಾ ಯಂತ್ರ ಇತ್ತು. ಅದರ ಹೊಟ್ಟೆಯೊಳಗೆ ಕೋಬಾಲ್ಟ್-60. 1985ರಿಂದ ಅದನ್ನ ಯಾರೂ ಬಳಸ್ತಿರಲಿಲ್ಲ. 2010ರ ಫೆಬ್ರವರಿಯಲ್ಲಿ ಹಳೇ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಮಾಯಾಪುರಿಯ ವ್ಯಾಪಾರಿಗಳು ಕೊಂಡುಕೊಂಡರು. ಅಂಗಡಿಯ ಕೂಲಿಯಾಳುಗಳು ಸೀಸದ ಕವಚ ಬಿಚ್ಚಿ, ಒಳಗಿದ್ದ ಲೋಹವನ್ನ ಕತ್ತರಿಸಿದರು. ಹೊಳಪಾಗಿದ್ದ ಒಂದು ಚೂರನ್ನ ಪಕ್ಕದ ಅಂಗಡಿಯವರು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದರು. ಕೆಲವೇ ದಿನಕ್ಕೆ ವಾಂತಿ, ಭೇದಿ. ಚರ್ಮ ಕಪ್ಪಿಟ್ಟಿತು, ಕೂದಲು ಉದುರಿತು. ಏಪ್ರಿಲ್‌ನಲ್ಲಿ ಆಸ್ಪತ್ರೆಯವರಿಗೆ ಅನುಮಾನ ಬಂದು, ಅಣುಶಕ್ತಿ ಇಲಾಖೆಯವರು ಯಂತ್ರ ಹಿಡಿದು ಬರೋ ಹೊತ್ತಿಗೆ ಆ ಚೂರುಗಳು ಅಂಗಡಿಯಿಂದ ಅಂಗಡಿಗೆ ಹಂಚಿ ಹೋಗಿದ್ದವು. ಹಲವರು ಆಸ್ಪತ್ರೆ ಸೇರಿದರು. ಏಪ್ರಿಲ್ 26ರಂದು ಒಬ್ಬ ಕೂಲಿ ಕಾರ್ಮಿಕ ಸತ್ತುಹೋದ. ಮೂವತ್ತೈದು ವರ್ಷ.

ಅವನ ಜಾತಿ ಯಾವುದು ಅಂತ ನಾನು ಹುಡುಕೋಕೆ ಹೋಗಿಲ್ಲ, ಹೋಗೋದೂ ಇಲ್ಲ. ಅಂಗಡಿಯ ಮಾಲೀಕರಿಗೂ ಪೆಟ್ಟಾಯ್ತು, ಅದೂ ನಿಜ. ನನ್ನ ಪ್ರಶ್ನೆ ಬೇರೆ. ಆ ಯಂತ್ರದ ಒಳಗೆ ಏನಿದೆ ಅಂತ ಗೊತ್ತಿರಬೇಕಾದವರು ಯಾರು? ಅದನ್ನ ಕೈಯಲ್ಲಿ ಹಿಡಿದವರು ಯಾರು? ಈ ಎರಡು ಪ್ರಶ್ನೆಗೂ ಉತ್ತರವಾಗಿ ಒಬ್ಬನೇ ಮನುಷ್ಯ ಸಿಗೋ ದಿನ ಈ ದೇಶದಲ್ಲಿ ಇನ್ನೂ ಬಂದಿಲ್ಲ. ನಮ್ಮಲ್ಲಿ ಓದಿದವರು ಮುಟ್ಟಲ್ಲ, ಮುಟ್ಟುವವರನ್ನ ಓದಿಸಲ್ಲ. ಇದನ್ನ ನಾನು ಕೋಬಾಲ್ಟ್‌ನಲ್ಲಿ ಹುಡುಕಿದ್ದಲ್ಲ, ಊರಲ್ಲಿ ನೋಡಿದ್ದು.

ಈಗ ದೇಹದ ಒಳಗೆ ಏನಾಗುತ್ತೆ ಅನ್ನೋದು. ಇದನ್ನ ನಮ್ಮ ಹುಡುಗರು ಚೆನ್ನಾಗಿ ತಿಳ್ಕೋಬೇಕು ಅಂತಲೇ ಈ ಪೋಸ್ಟು.

ಮನುಷ್ಯನನ್ನ ಕೊಲ್ಲೋಕೆ ಎಷ್ಟು ವಿಕಿರಣ ಬೇಕು? ಚಿಕಿತ್ಸೆ ಸಿಗದಿದ್ದರೆ ಸುಮಾರು 4 ಗ್ರೇ ಬಿದ್ದವರಲ್ಲಿ ಅರ್ಧದಷ್ಟು ಜನ ಎರಡು ತಿಂಗಳೊಳಗೆ ಸಾಯ್ತಾರೆ. ಗ್ರೇ ಅಂದ್ರೆ ದೇಹದ ಒಂದು ಕಿಲೋ ತೂಕಕ್ಕೆ ಒಂದು ಜೂಲ್ ಶಕ್ತಿ. ಲೆಕ್ಕ ಹಾಕಿ ನೋಡಿ: ಎಪ್ಪತ್ತು ಕಿಲೋ ಮನುಷ್ಯನಿಗೆ 280 ಜೂಲ್. ಒಂದು ಗುಟುಕು ಬಿಸಿ ಟೀ ಕುಡಿದರೆ ಅದಕ್ಕಿಂತ ಹೆಚ್ಚು ಶಾಖ ಹೊಟ್ಟೆಗೆ ಹೋಗುತ್ತೆ! ಮೈಯ ಬಿಸಿ ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲಿನಷ್ಟು ಏರುತ್ತೆ, ಅಷ್ಟೆ. ಅದಕ್ಕೇ ಮಾಯಾಪುರಿಯ ಕೂಲಿಗಳಿಗೆ ಕೈಯಲ್ಲಿ ಹಿಡಿದಾಗ ಏನೂ ಅನ್ನಿಸಲಿಲ್ಲ. ಸುಡಲಿಲ್ಲ, ವಾಸನೆ ಬರಲಿಲ್ಲ. ಮಲಗುಂಡಿಯ ವಿಷಗಾಳಿ ಕೂಡ ಕೆಲವು ಸಲ ಕೊಳೆತ ಮೊಟ್ಟೆಯ ವಾಸನೆ ಕೊಟ್ಟು ಎಚ್ಚರಿಸುತ್ತೆ. ಇದು ಅದನ್ನೂ ಮಾಡಲ್ಲ.

ಹಾಗಿದ್ರೆ ಕೊಲ್ಲೋದು ಯಾವುದು? ಶಕ್ತಿ ಎಷ್ಟು ಅನ್ನೋದಕ್ಕಿಂತ ಅದು ಎಲ್ಲಿ ಬೀಳುತ್ತೆ, ಹೇಗೆ ಬೀಳುತ್ತೆ ಅನ್ನೋದು ಮುಖ್ಯ. ಟೀಯ ಶಾಖ ಮೈತುಂಬ ಸಮನಾಗಿ ಹರಡಿಕೊಳ್ಳುತ್ತೆ. ಗಾಮಾ ಕಿರಣದ ಶಕ್ತಿ ಸಣ್ಣ ಸಣ್ಣ ಗಂಟುಗಳಾಗಿ ಬೀಳುತ್ತೆ. ಪ್ರತಿ ಗಂಟಿಗೂ ಒಂದು ಪರಮಾಣುವಿನಿಂದ ಎಲೆಕ್ಟ್ರಾನನ್ನ ಕಿತ್ತು ಎಸೆಯುವಷ್ಟು ತಾಕತ್ತು. ಇದನ್ನೇ ಅಯಾನೀಕರಣ ಅನ್ನೋದು. ಮೊಬೈಲ್ ಟವರ್‌ನ ಅಲೆಗೆ, ರೇಡಿಯೋ ಅಲೆಗೆ ಈ ತಾಕತ್ತಿಲ್ಲ (ವಾಟ್ಸಾಪ್‌ನಲ್ಲಿ ಟವರ್ ವಿಡಿಯೋ ಕಳಿಸೋ ಅಣ್ಣಂದಿರು ಗಮನಿಸಿ). ಎಕ್ಸ್‌ರೇಗಿದೆ, ಗಾಮಾಗಿದೆ, ಆಲ್ಫಾ ಬೀಟಾ ಕಣಗಳಿಗಿದೆ.

ನಮ್ಮ ಒಂದೊಂದು ಜೀವಕೋಶದ ಒಳಗೂ ಬಿಡಿಸಿ ಹಾಸಿದರೆ ಸುಮಾರು ಎರಡು ಮೀಟರ್ ಉದ್ದದ ಡಿಎನ್ಎ ಇದೆ. ಎರಡು ಎಳೆ, ಒಂದಕ್ಕೊಂದು ಹೊಸೆದುಕೊಂಡಿವೆ. ನಮ್ಮ ತಾತ ಕಪಿಲೆ ಬಾವಿಗೆ ತೊಗಲಿನ ಮಿಣಿ ಹೊಸೀತಿದ್ದ. ಡಿಎನ್ಎ ಚಿತ್ರ ಮೊದಲ ಸಲ ಪುಸ್ತಕದಲ್ಲಿ ನೋಡಿದಾಗ ನನಗೆ ನೆನಪಾಗಿದ್ದು ಆ ಮಿಣಿ. ಮೇಷ್ಟ್ರು ಏಣಿ, ಮೆಟ್ಟಿಲು ಅಂತ ಏನೇನೋ ಹೇಳಿದ್ರು. ಏಣಿ ನಮ್ಮನೇಲಿ ಇರಲಿಲ್ಲ.

ಕಿರಣ ಬಂದು ಈ ಮಿಣಿಗೆ ನೇರವಾಗಿ ಹೊಡೆಯಬಹುದು. ಆದರೆ ಗಾಮಾ, ಎಕ್ಸ್‌ರೇ ವಿಷಯದಲ್ಲಿ ಹೆಚ್ಚಿನ ಹಾನಿ, ಸುಮಾರು ಮೂರರಲ್ಲಿ ಎರಡು ಪಾಲು, ಬಳಸುದಾರಿಯಲ್ಲಿ ಆಗುತ್ತೆ. ಜೀವಕೋಶದ ತುಂಬ ಇರೋದು ನೀರು. ಕಿರಣ ಆ ನೀರನ್ನ ಒಡೆಯುತ್ತೆ. ಆಗ ಹೈಡ್ರಾಕ್ಸಿಲ್ ರ್ಯಾಡಿಕಲ್ ಅನ್ನೋ ಅರೆಹೊಟ್ಟೆಯ ಚೂರು ಹುಟ್ಟುತ್ತೆ. ಅದರ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲಿ ಒಂದೆರಡು ಪಾಲು. ಅಷ್ಟರಲ್ಲೇ ಪಕ್ಕದಲ್ಲಿ ಏನು ಸಿಕ್ಕಿದರೂ ಕಚ್ಚುತ್ತೆ. ಪಕ್ಕದಲ್ಲಿ ಡಿಎನ್ಎ ಇದ್ದರೆ ಅದನ್ನೇ. ನಮ್ಮೊಳಗಿನ ನೀರೇ ನಮ್ಮನ್ನ ಕಚ್ಚೋ ಹಾಗೆ ಮಾಡುತ್ತೆ ಅಂದ್ರೂ ತಪ್ಪಿಲ್ಲ.

ಒಂದು ಗ್ರೇ ಗಾಮಾ ಬಿದ್ದರೆ ಒಂದೊಂದು ಜೀವಕೋಶದಲ್ಲೂ ಹೆಚ್ಚುಕಡಿಮೆ ಸಾವಿರ ಕಡೆ ಒಂಟಿ ಎಳೆ ಹರಿಯುತ್ತೆ. ಮೂವತ್ತು ನಲವತ್ತು ಕಡೆ ಎರಡೂ ಎಳೆ ಒಟ್ಟಿಗೆ ಹರಿಯುತ್ತೆ. ಸಾವಿರ ದೊಡ್ಡದು, ಮೂವತ್ತು ಚಿಕ್ಕದು ಅನ್ನಿಸುತ್ತೆ ಅಲ್ವಾ? ಅಸಲಿಗೆ ಪ್ರಾಣ ತೆಗೆಯೋದು ಆ ಮೂವತ್ತೇ.

ಮಿಣಿಯ ಒಂದು ಎಳೆ ಹರಿದರೆ ತಾತ ತಲೆ ಕೆಡಿಸಿಕೊಳ್ತಿರಲಿಲ್ಲ. ಇನ್ನೊಂದು ಎಳೆ ಗಟ್ಟಿ ಇದೆ, ಅದರ ಗುಂಟ ಹೊಸೆದರೆ ಆಯ್ತು. ಜೀವಕೋಶವೂ ಹಂಗೇ ಮಾಡುತ್ತೆ. ಎದುರಿನ ಎಳೆಯಲ್ಲಿ ಯಾವ ಅಕ್ಷರ ಇದೆ ನೋಡಿ, ಅದಕ್ಕೆ ಜೋಡಿಯಾಗೋ ಅಕ್ಷರ ತಂದು ಕೂರಿಸುತ್ತೆ. ಈ ರಿಪೇರಿ ಕೆಲಸ ವಿಕಿರಣ ಇಲ್ಲದಿದ್ದರೂ ನಮ್ಮ ಮೈಯಲ್ಲಿ ದಿನವೂ ನಡೀತಾನೇ ಇರುತ್ತೆ. ಎರಡೂ ಎಳೆ ಒಂದೇ ಜಾಗದಲ್ಲಿ ಹರಿದಾಗ ನೋಡಿಕೊಂಡು ಬರೆಯೋಕೆ ಎದುರಿನ ಎಳೆ ಇಲ್ಲ. ಕೋಶ ಇಬ್ಭಾಗ ಆಗೋ ತಯಾರಿಯಲ್ಲಿದ್ದು ಡಿಎನ್ಎಯ ಇನ್ನೊಂದು ಪ್ರತಿ ಸಿದ್ಧ ಇದ್ದರೆ ಅದನ್ನ ನೋಡಿ ಸರಿಮಾಡಿಕೊಳ್ಳುತ್ತೆ. ಇಲ್ಲದಿದ್ದರೆ ಹರಿದ ತುದಿಗಳನ್ನ ಹಿಡಿದು ಹಂಗೇ ಗಂಟು ಹಾಕುತ್ತೆ. ಗಂಟು ಹಾಕುವಾಗ ಒಂದೆರಡು ಅಕ್ಷರ ಬಿದ್ದುಹೋಗಬಹುದು. ಹತ್ತಾರು ಮಿಣಿ ಒಟ್ಟಿಗೆ ಹರಿದು ಬಿದ್ದಿದ್ದರೆ ಯಾವ ತುದಿ ಯಾವುದರದ್ದು ಅಂತಲೇ ಗೊತ್ತಾಗದೆ ಇದರ ತಲೆಗೆ ಅದರ ಬಾಲ ಸೇರಬಹುದು.

ಗಂಟೂ ಹಾಕೋಕಾಗದಿದ್ದರೆ? ಕೋಶದೊಳಗೆ ಪಿ53 ಅನ್ನೋ ಒಂದು ಪ್ರೋಟೀನ್ ಇದೆ. ಹಾನಿ ಮಿತಿಮೀರಿದೆ ಅಂತ ಕಂಡರೆ ಅದು ಕೋಶದ ವಿಭಜನೆ ನಿಲ್ಲಿಸುತ್ತೆ, ಬೇಕಾದರೆ ಸಾಯೋಕೂ ಹೇಳುತ್ತೆ. ಒಂದೊಂದು ಕೋಶ ಹಿಂಗೆ ಸಾಯೋದು ಉಳಿದ ದೇಹದ ಉಪಕಾರಕ್ಕೇ. ಆದರೆ ಕೋಟಿಗಟ್ಟಲೆ ಕೋಶ ಒಟ್ಟಿಗೆ ಸತ್ತರೆ? ಬೇಗ ಬೇಗ ಇಬ್ಭಾಗವಾಗೋ ಕೋಶಗಳಿಗೆ ಮೊದಲ ಹೊಡೆತ. ಮೂಳೆಯ ಮಜ್ಜೆ, ಕರುಳಿನ ಒಳಪದರ, ಕೂದಲ ಬೇರು. ಮಜ್ಜೆ ಸತ್ತರೆ ಹೊಸ ರಕ್ತಕಣ ಇಲ್ಲ, ಸೋಂಕು ತಡೆಯೋಕಾಗಲ್ಲ, ರಕ್ತ ಹೆಪ್ಪುಗಟ್ಟಲ್ಲ. ಮಾಯಾಪುರಿಯಲ್ಲಿ ಕೂದಲು ಉದುರಿದ್ದು, ಭೇದಿ ಆಗಿದ್ದು ಎಲ್ಲ ಇದೇ.

ಕಿರಣಗಳು ಆನುವಂಶಿಕ ಗುಣವನ್ನೇ ಬದಲಾಯಿಸುತ್ತವೆ ಅಂತ ಹಣ್ಣಿನ ನೊಣಗಳ ಮೇಲೆ ಎಕ್ಸ್‌ರೇ ಬಿಟ್ಟು ತೋರಿಸಿದವನು ಅಮೆರಿಕದ ಹರ್ಮನ್ ಮುಲ್ಲರ್. ಆ ಪ್ರಬಂಧ ಪ್ರಕಟವಾಗಿದ್ದು 1927ರಲ್ಲಿ. ಅದೇ ವರ್ಷದ ಮಾರ್ಚ್ 20ಕ್ಕೆ ಬಾಬಾಸಾಹೇಬರು ಮಹಾಡ್‌ನಲ್ಲಿ ಚೌದಾರ್ ಕೆರೆಯ ನೀರು ಮುಟ್ಟಿದ್ದು. ಎರಡಕ್ಕೂ ಸಂಬಂಧ ಇಲ್ಲ, ಸುಮ್ಮನೆ ಹೇಳಿದೆ. ಹುಟ್ಟಿನಿಂದ ಬಂದಿದ್ದು ಯಾವತ್ತೂ ಬದಲಾಗಲ್ಲ ಅಂತ ನಂಬಿದ್ದವರಿಗೆ ಆ ವರ್ಷ ಅಷ್ಟು ಚೆನ್ನಾಗಿರಲಿಲ್ಲ ಅನ್ನಿಸುತ್ತೆ.

ನನಗೆ ತುಂಬ ಮುಖ್ಯ ಅನ್ನಿಸೋ ಒಂದು ವಿಷಯ ಈಗ ಹೇಳ್ತೀನಿ. ತಪ್ಪು ತುದಿಗಳು ಸೇರಿಕೊಂಡಾಗ ಕೆಲವು ವರ್ಣತಂತುಗಳಿಗೆ ಒಂದು ಸೊಂಟ ಇರೋ ಕಡೆ ಎರಡು ಸೊಂಟ ಬರುತ್ತೆ. ರಕ್ತ ತೆಗೆದು, ಬಿಳಿ ರಕ್ತಕಣಗಳನ್ನ ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ಇಂಥವು ಎಷ್ಟಿವೆ ಅಂತ ಎಣಿಸಿದರೆ ಆ ಮನುಷ್ಯನ ಮೇಲೆ ಎಷ್ಟು ವಿಕಿರಣ ಬಿದ್ದಿದೆ ಅಂತ ಅಂದಾಜು ಹೇಳಬಹುದು. ಮಾಯಾಪುರಿಯವರಿಗೂ ಈ ಪರೀಕ್ಷೆ ಮಾಡಿದರು. ಅವರ ಕೊರಳಲ್ಲಿ ವಿಕಿರಣ ಅಳೆಯೋ ಬ್ಯಾಡ್ಜ್ ಇರಲಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿತ್ತೋ ಇಲ್ಲವೋ. ಅವರ ರಕ್ತವೇ ಸಾಕ್ಷಿ ಹೇಳಬೇಕಾಯ್ತು. ಆದರೆ ಈ ಸಾಕ್ಷಿಗೆ ಕಾಲಮಿತಿ ಇದೆ. ಆ ಕಣಗಳು ವರ್ಷಗಳು ಕಳೆದಂತೆ ಕಡಿಮೆಯಾಗ್ತಾ ಹೋಗ್ತವೆ. ಬೇಗ ಹುಡುಕಿದವರಿಗೆ ಮಾತ್ರ ಸಿಗುತ್ತೆ.

ಇನ್ನು ಸಾಯದೆ, ತಪ್ಪಾಗಿ ರಿಪೇರಿಯಾಗಿ ಉಳಿದುಕೊಂಡ ಕೋಶಗಳ ಕಥೆ. ಅವುಗಳಲ್ಲಿ ಒಂದು, ಬೆಳವಣಿಗೆಗೆ ಕಡಿವಾಣ ಹಾಕೋ ಜೀನ್ ಕಳ್ಕೊಂಡಿದ್ದರೆ ಅದು ಕ್ಯಾನ್ಸರ್‌ನ ದಾರಿಯಲ್ಲಿ ಒಂದು ಹೆಜ್ಜೆ. ರಕ್ತದ ಕ್ಯಾನ್ಸರ್ ಕೆಲವು ವರ್ಷಕ್ಕೇ ಕಾಣಿಸಬಹುದು. ಗೆಡ್ಡೆಗಳಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ಹಿಡಿಯುತ್ತೆ. ಆಮೇಲೆ ಬಂದ ಗೆಡ್ಡೆಯ ಮೇಲೆ "ಇದು ವಿಕಿರಣದಿಂದ ಬಂದಿದ್ದು" ಅಂತ ಸೀಲು ಇರಲ್ಲ. ಬೀಡಿಯಿಂದ ಬಂತೋ, ಹಣೆಬರಹದಿಂದ ಬಂತೋ, ಕೋಬಾಲ್ಟ್‌ನಿಂದ ಬಂತೋ ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಹೇಳೋಕಾಗಲ್ಲ. ಸಾವಿರಾರು ಜನರ ದಾಖಲೆ ಇಟ್ಟುಕೊಂಡು, ಯಾರ ಮೇಲೆ ಎಷ್ಟು ಬಿತ್ತು ಅಂತ ಬರೆದುಕೊಂಡು, ದಶಕಗಟ್ಟಲೆ ಕಾದರೆ ಮಾತ್ರ ಲೆಕ್ಕ ಹತ್ತುತ್ತೆ. ಹಿರೋಶಿಮಾದಲ್ಲಿ ಹಾಗೆ ಬರೆದುಕೊಂಡರು, ಅದಕ್ಕೇ ಜಗತ್ತಿಗೆ ಗೊತ್ತು.

ಈಗ ಹೊರಗುತ್ತಿಗೆ ಕಾರ್ಮಿಕನನ್ನ ಇದರಲ್ಲಿಟ್ಟು ನೋಡಿ. ಹನ್ನೊಂದು ತಿಂಗಳಿಗೆ ಒಬ್ಬ ಗುತ್ತಿಗೆದಾರ, ಮುಂದಿನ ಹನ್ನೊಂದು ತಿಂಗಳಿಗೆ ಇನ್ನೊಬ್ಬ. ಪಿಎಫ್ ನಂಬರೇ ನೆಟ್ಟಗಿಲ್ಲ, ವಿಕಿರಣದ ದಾಖಲೆ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷದ ಮೇಲೆ ಬರೋ ಕಾಯಿಲೆ, ಹನ್ನೊಂದು ತಿಂಗಳ ನೌಕರಿ. ಯಾರೂ ಸುಳ್ಳು ಹೇಳಬೇಕಾಗಿಲ್ಲ, ಯಾರೂ ಫೈಲು ಸುಡಬೇಕಾಗಿಲ್ಲ. ದಾಖಲೆ ಹುಟ್ಟಲೇ ಇಲ್ಲ. ಕಾಮೆಂಟ್ ಹಾಕಿದ ಸಾಹೇಬರೇ, ವಿಜ್ಞಾನದಲ್ಲಿ ಜಾತಿ ಹೊಕ್ಕೋ ಬಾಗಿಲು ಇದು. ಡಿಎನ್ಎಯಲ್ಲಿಲ್ಲ, ಡಿಎನ್ಎಗೆ ಏನಾಯ್ತು ಅಂತ ಬರೆದಿಡೋ ಪುಸ್ತಕದಲ್ಲಿದೆ.

ಕೈಗಾದ ಉದಾಹರಣೆ ಇದಕ್ಕೆ ಉಲ್ಟಾ. 2009ರ ನವೆಂಬರ್‌ನಲ್ಲಿ ಅಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಷಿಯಂ ಇರೋ ಭಾರಜಲ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಸೇರಿತು. ಗೊತ್ತಾಗಿದ್ದು ಹೇಗೆ? ಅಲ್ಲಿ ಮಾಮೂಲಾಗಿ ಮೂತ್ರ ಪರೀಕ್ಷೆ ಮಾಡ್ತಾರೆ, ಅದರಲ್ಲಿ ಸಿಕ್ಕಿಬಿತ್ತು. ಅಳೆಯೋ ಕಡೆ ಕಾಣುತ್ತೆ. ಅಳೆಯದ ಕಡೆ ಏನೂ ಆಗಿಲ್ಲ ಅಂತ ಬರೆಯೋದು ಸುಲಭ.

ನಮ್ಮ ಚಿಕ್ಕಮ್ಮ ಒಂದು ಆಸ್ಪತ್ರೆಯಲ್ಲಿ ಹೊರಗುತ್ತಿಗೆ ಆಯಾ. ಹೆಸರು ಬೇಡ, ಊರೂ ಬೇಡ, ಅವಳ ಕೆಲಸ ಹೋಗುತ್ತೆ. ಎಕ್ಸ್‌ರೇ ರೂಮಿನಲ್ಲಿ ಅಳೋ ಮಕ್ಕಳನ್ನ, ನಿಲ್ಲೋಕಾಗದ ಮುದುಕರನ್ನ ಹಿಡಿದುಕೊಂಡು ನಿಲ್ಲೋದು ಅವಳೇ. ತಂತ್ರಜ್ಞ ಗೋಡೆಯ ಆಚೆ ಹೋಗಿ ಗುಂಡಿ ಒತ್ತುತ್ತಾನೆ. ಅವನ ಎದೆ ಮೇಲೆ ಬ್ಯಾಡ್ಜ್ ಇದೆ, ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡೋಕೆ ಕಳಿಸ್ತಾರೆ. ಇವಳಿಗೆ ಬ್ಯಾಡ್ಜೂ ಇಲ್ಲ, ಸೀಸದ ಏಪ್ರನ್ನೂ ಇಲ್ಲ. ಕೇಳು ಅಂದ್ರೆ, "ಬರೀ ಫೋಟೋ ಕಣ್ ಮಗ, ಏನೂ ಆಗಲ್ಲ ಅಂದವ್ರೆ" ಅಂತಾಳೆ. ಹೆದರಿಸೋಕೆ ಹೇಳ್ತಿಲ್ಲ. ಒಂದು ಎದೆಯ ಎಕ್ಸ್‌ರೇಯಲ್ಲಿ ರೋಗಿಗೇ ಬೀಳೋದು ಸುಮಾರು 0.1 ಮಿಲಿಸೀವರ್ಟ್, ಪಕ್ಕದಲ್ಲಿ ನಿಂತವರಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಭೂಮಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬೀಳುತ್ತೆ. ಹಾಗಾಗಿ ಮನೇಲಿ ಯಾರಿಗಾದರೂ ಡಾಕ್ಟರು ಎಕ್ಸ್‌ರೇ ಬರೆದರೆ ದಯವಿಟ್ಟು ಮಾಡಿಸಿ, ಈ ಪೋಸ್ಟು ಓದಿ ಬಿಡಬೇಡಿ. ನನ್ನ ತಕರಾರು ಬೇರೆ. ದಿನಕ್ಕೆ ಹತ್ತು ಹದಿನೈದು ಸಲ, ವರ್ಷಗಟ್ಟಲೆ, ಅಳತೆಯೇ ಇಲ್ಲದೆ ನಿಲ್ಲಿಸೋದು ತಪ್ಪು. ಕೆಲಸದ ಭಾಗವಾಗಿ ಯಾರನ್ನೂ ಹಾಗೆ ದಿನಾ ಹಿಡಿದು ನಿಲ್ಲಿಸಬಾರದು. ಅವಳ ಮೇಲೆ ಬಿದ್ದಿದ್ದು ಸೊನ್ನೆಯೇ ಇರಬಹುದು. ಆ ಸೊನ್ನೆಯನ್ನ ಕಾಗದದ ಮೇಲೆ ಬರೆದು ಕೊಡಿ.

ಇದಕ್ಕೆ ಇನ್ನೊಂದು ಮುಖ ಇದೆ, ಅದು ಮೈಲಿಗೆಯ ಮುಖ. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರ ಸೆಪ್ಟೆಂಬರ್‌ನಲ್ಲಿ ಮಾಯಾಪುರಿಯಂಥದ್ದೇ ಘಟನೆ. ಪಾಳುಬಿದ್ದ ಆಸ್ಪತ್ರೆಯ ಯಂತ್ರದಿಂದ ಸೀಸಿಯಂ-137 ಗುಜರಿ ಅಂಗಡಿ ಸೇರಿತು. ಕತ್ತಲಲ್ಲಿ ನೀಲಿಯಾಗಿ ಹೊಳೆಯೋ ಪುಡಿ. ಮನೆಮಂದಿಗೆಲ್ಲ ಹಂಚಿದರು. ಎಲ್ಲರೂ ಕಾಯಿಲೆ ಬಿದ್ದಾಗ, ಇದಕ್ಕೆಲ್ಲ ಕಾರಣ ಆ ಪುಡಿಯೇ ಅಂತ ಮೊದಲು ಊಹಿಸಿದ್ದು ಡಾಕ್ಟರಲ್ಲ, ವಿಜ್ಞಾನಿಯಲ್ಲ, ಗುಜರಿ ಅಂಗಡಿಯವನ ಹೆಂಡತಿ. ಅದನ್ನ ಚೀಲದಲ್ಲಿ ಹಾಕಿಸಿಕೊಂಡು ಬಸ್ಸಿನಲ್ಲಿ ಆರೋಗ್ಯ ಇಲಾಖೆಗೆ ತಗೊಂಡು ಹೋದಳು. ಅವಳೂ ಸತ್ತಳು. ಒಟ್ಟು ನಾಲ್ಕು ಸಾವು, 249 ಜನರ ಮೈಗೆ ಸೋಂಕಿತ್ತು. ಸತ್ತವರಲ್ಲಿ ಆರು ವರ್ಷದ ಒಂದು ಮಗು ಇತ್ತು. ಸೀಸದ ಪೆಟ್ಟಿಗೆಯಲ್ಲಿ ಆ ಮಗುವನ್ನ ಹೂಳೋಕೆ ತಂದಾಗ ಜನ ಸೇರಿ ಅಡ್ಡಗಟ್ಟಿದರು, ಕಲ್ಲು ತೂರಿದರು. ನಮ್ಮ ಸ್ಮಶಾನದಲ್ಲಿ ಬೇಡ ಅಂದರು.

ಹೆಣ ಹೂಳೋಕೆ ಜಾಗ ಸಿಗದೆ ಕೆರೆ ಏರಿ ಮೇಲೆ, ರಸ್ತೆ ಬದಿ ಹೊತ್ತುಕೊಂಡು ನಿಂತ ನಮ್ಮ ಎಷ್ಟೋ ಕೇರಿಗಳಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ.

ಜಪಾನಿನಲ್ಲೂ ಅಷ್ಟೆ. ಬಾಂಬಿನಿಂದ ಬದುಕಿ ಉಳಿದವರ ಮಕ್ಕಳಿಗೆ ಹೆಣ್ಣು ಕೊಡಲ್ಲ, ತರಲ್ಲ ಅಂತ ಸಂಬಂಧ ಮುರಿದರು. "ರಕ್ತ ಕೆಟ್ಟಿದೆ" ಅನ್ನೋ ಮಾತು. ದಶಕಗಟ್ಟಲೆ ಆ ಮಕ್ಕಳನ್ನ ಪರೀಕ್ಷಿಸಿ ನೋಡಿದ ವಿಜ್ಞಾನಿಗಳಿಗೆ ಅವರಲ್ಲಿ ಆನುವಂಶಿಕ ದೋಷ ಅಳತೆಗೆ ಸಿಗುವಷ್ಟು ಹೆಚ್ಚಾಗಿದ್ದು ಕಾಣಲಿಲ್ಲ. ಮದುವೆ ಮುರಿದವರು ವರದಿ ಓದಿ ಮುರಿದವರಲ್ಲ. ಮೈಲಿಗೆಗೆ ಸೂಕ್ಷ್ಮದರ್ಶಕ ಬೇಕಿಲ್ಲ, ಸೂಕ್ಷ್ಮದರ್ಶಕ ಇಲ್ಲ ಅಂದರೂ ಅದು ಇದೆ ಅನ್ನುತ್ತೆ.

ಕೆಲವರು ಇದನ್ನೆಲ್ಲ ಓದಿ "ಹಾಗಾದ್ರೆ ಅಣು ವಿಜ್ಞಾನವೇ ಬೇಡ್ವಾ" ಅಂತ ಕೇಳಬಹುದು. ಕ್ಯಾನ್ಸರ್ ಕೋಶದ ಡಿಎನ್ಎಯ ಎರಡೂ ಎಳೆ ಹರಿಸಿ ಸಾಯಿಸೋದೂ ಇದೇ ವಿಕಿರಣ. ಕೋಬಾಲ್ಟ್ ಯಂತ್ರದ ಕೆಳಗೆ ಮಲಗಿ ಗುಣವಾಗಿ ಬಂದ ಬಡವರು ನಮ್ಮ ಕೇರಿಯಲ್ಲೂ ಇದ್ದಾರೆ. ಬೇಡ ಅನ್ನೋಕೆ ನಾನ್ಯಾರು? ಬೇಕಾದವರು ಬಳಸಲಿ. ಬಳಸಿ ಮುಗಿದ ಮೇಲೆ ಅದರ ಕವಚ ಬಿಚ್ಚೋ ಕೈಗೆ ಲೆಕ್ಕ ಕೊಡಲಿ.

ಏನು ಬೇಕು ನಮಗೆ? ವಿಕಿರಣ ಮೂಲಗಳನ್ನ ಹೇಗೆ ಇಟ್ಟುಕೊಳ್ಳಬೇಕು, ಮುಗಿದ ಮೇಲೆ ಹೇಗೆ ವಾಪಸ್ ಕೊಡಬೇಕು ಅಂತ ಕಾನೂನು ಮಾಯಾಪುರಿಗೆ ಮೊದಲೇ ಇತ್ತು, 2004ರ ನಿಯಮಗಳೂ ಇದ್ದವು. ಹೊಸ ಕಾನೂನು ಕೇಳ್ತಿಲ್ಲ. ದೊಡ್ಡ ಗುಜರಿ ಮಾರುಕಟ್ಟೆಗಳ ಬಾಗಿಲಲ್ಲಿ ವಿಕಿರಣ ಪತ್ತೆ ಮಾಡೋ ಯಂತ್ರ ಇಡಿ. ಎಕ್ಸ್‌ರೇ ರೂಮಿಗೆ ಹೋಗೋ ಪ್ರತಿ ಹೊರಗುತ್ತಿಗೆ ನೌಕರರಿಗೂ ಬ್ಯಾಡ್ಜ್ ಕೊಡಿ. ಗುತ್ತಿಗೆದಾರ ಬದಲಾದರೂ ಆ ದಾಖಲೆ ಅವರ ಹೆಸರಲ್ಲೇ ಮುಂದುವರಿಯಲಿ.

ಮತ್ತೆ ಆ ಗುರುತು. ಹಳದಿ ಮೇಲೆ ಮೂರು ರೆಕ್ಕೆಯ ಚಿತ್ರ ಇದೆಯಲ್ಲ, ಓದಿದವರಿಗೆ ಅದು ವಿಕಿರಣ. ಗೊತ್ತಿಲ್ಲದವರಿಗೆ ಅದು ಫ್ಯಾನು. ಇದು ನಾನು ಕಟ್ಟಿದ ಮಾತಲ್ಲ. ಆ ಚಿಹ್ನೆ ಜನರಿಗೆ ಅರ್ಥವಾಗ್ತಿಲ್ಲ ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೇ 11 ದೇಶಗಳಲ್ಲಿ ಜನರ ಮುಂದೆ ಚಿತ್ರ ಇಟ್ಟು ಕೇಳಿ, 2007ರಲ್ಲಿ ಹೊಸ ಚಿಹ್ನೆಯೊಂದನ್ನ ತಂದಿತು: ಕೆಂಪು ತ್ರಿಕೋನ, ಮೇಲೆ ಕಿರಣ ಚೆಲ್ಲೋ ಮೂರು ರೆಕ್ಕೆ, ಕೆಳಗೆ ತಲೆಬುರುಡೆ, ಪಕ್ಕದಲ್ಲಿ ಓಡಿಹೋಗ್ತಿರೋ ಮನುಷ್ಯ. ಅಕ್ಷರ ಬೇಕಿಲ್ಲ. ಯಾರು ಬಿಚ್ಚೋಕೆ ಹೋಗ್ತಾರೋ ಅವರ ಕಣ್ಣಿಗೆ ಬೀಳಲಿ ಅಂತ ಅಪಾಯಕಾರಿ ಮೂಲಗಳ ಹತ್ತಿರವೇ ಹಾಕಬೇಕಾದ ಚಿತ್ರ ಅದು. ನಮ್ಮ ಗುಜರಿ ಅಂಗಡಿಗಳಲ್ಲಿ ಎಷ್ಟು ಜನ ನೋಡಿದ್ದಾರೆ? ನಾನು ಕೇಳಿದ ಒಬ್ಬರೂ ನೋಡಿರಲಿಲ್ಲ.

ಗುಜರಿ ಕೆಲಸದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಇದನ್ನ ಓದಿ ಹೇಳಿ: ಗಾತ್ರಕ್ಕೆ ಮೀರಿ ಭಾರ ಇರೋ, ಸೀಸದ ಗೋಡೆ ಇರೋ ಪೆಟ್ಟಿಗೆ ಬಂದರೆ ಒಡೆಯಬೇಡಿ. ಈ ಎರಡು ಗುರುತಲ್ಲಿ ಯಾವುದು ಕಂಡರೂ ಕೈ ಹಾಕಬೇಡಿ. ದೂರ ಹೋಗಿ, ಬೇರೆಯವರನ್ನೂ ದೂರ ಕಳಿಸಿ, 112ಕ್ಕೆ ಫೋನ್ ಮಾಡಿ. ಮುಟ್ಟಿದ್ದರೆ ಬಟ್ಟೆ ಬದಲಾಯಿಸಿ, ಸೋಪು ಹಾಕಿ ಕೈ ತೊಳೆಯಿರಿ. ಆಸ್ಪತ್ರೆಯಲ್ಲಿ ಏನು ಮುಟ್ಟಿದ್ರಿ ಅಂತ ಬಾಯಿಬಿಟ್ಟು ಹೇಳಿ. ಹೊಳಪಾಗಿದೆ ಅಂತ ಜೇಬಿಗೆ ಹಾಕ್ಕೋಬೇಡಿ, ಮನೆಗೆ ತರಬೇಡಿ.

ಬರೋ ಭಾನುವಾರ ನಮ್ಮ ತಾಲ್ಲೂಕಿನ ಗುಜರಿ ಅಂಗಡಿಗಳ ಗೋಡೆಗೆ ಆ ಕೆಂಪು ಚಿತ್ರದ ದೊಡ್ಡ ಪ್ರಿಂಟು ಅಂಟಿಸೋಕೆ ಹೋಗ್ತಿದ್ದೀವಿ, ಕೆಳಗೆ ಕನ್ನಡ, ಉರ್ದು, ತೆಲುಗಿನಲ್ಲಿ ಎರಡೆರಡು ಸಾಲು. ಬರೋರು ಇನ್‌ಬಾಕ್ಸ್‌ಗೆ ಬನ್ನಿ. ಗೋಂದು, ಏಣಿ ನಮ್ಮತ್ರ ಇದೆ.